ಜಪಾನಿನ ‘ಮಾಂಸ ತಿನ್ನುವ ಬ್ಯಾಕ್ಟೀರಿಯಾ’ ಮತ್ತು ನಮ್ಮ ಮಕ್ಕಳ ಗಂಟಲು ನೋವು

2024ರ ಜೂನ್‌ನಲ್ಲಿ ಜಪಾನಿನಿಂದ ಹೊರಟ ಸುದ್ದಿಯೊಂದು ಕೆಲವೇ ದಿನಗಳಲ್ಲಿ ನಮ್ಮ ಮೊಬೈಲ್‌ಗಳಿಗೂ ಬಂತು. ಮಾಂಸ ತಿನ್ನುವ ಬ್ಯಾಕ್ಟೀರಿಯಾ ಹರಡುತ್ತಿದೆ, ಅದು 48 ಗಂಟೆಗಳಲ್ಲಿ ಕೊಲ್ಲುತ್ತದೆ ಎಂಬುದು ಅದರ ಸಾರ. ಅಂಕಿ ಸುಳ್ಳಾಗಿರಲಿಲ್ಲ. 2023ರ ಇಡೀ ವರ್ಷದಲ್ಲಿ ಅಲ್ಲಿ 941 ಪ್ರಕರಣಗಳು ದಾಖಲಾಗಿದ್ದರೆ, 2024ರ ಜೂನ್ 2ರ ಹೊತ್ತಿಗೇ 977 ಆಗಿದ್ದವು. ಅದೇ ಸುದ್ದಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಸ್ಟ್ರೆಪ್ಟೋಕಾಕಸ್ ಎಂಬ ಇದೇ ಬ್ಯಾಕ್ಟೀರಿಯಾ ಮಕ್ಕಳಿಗೆ ಸಾಮಾನ್ಯ ಗಂಟಲು ನೋವನ್ನೂ ತರುತ್ತದೆ.

ಓದುಗರು ಗೊಂದಲಕ್ಕೆ ಬಿದ್ದದ್ದು ಇಲ್ಲೇ. ಮಗುವಿನ ಗಂಟಲು ನೋವಿಗೂ ಎರಡು ದಿನದಲ್ಲಿ ಬರುವ ಸಾವಿಗೂ ಒಂದೇ ಜೀವಿ ಹೇಗೆ ಕಾರಣವಾದೀತು? ದಂತವೈದ್ಯರು ಹುಳುಕು ಹಲ್ಲಿಗೆ ಹೇಳುವ ಹೆಸರೂ ಸ್ಟ್ರೆಪ್ಟೋಕಾಕಸ್, ಮಕ್ಕಳ ನ್ಯುಮೋನಿಯಾ ಲಸಿಕೆಯ ಗುರಿಯೂ ಸ್ಟ್ರೆಪ್ಟೋಕಾಕಸ್, ಹಸುವಿನ ಕೆಚ್ಚಲು ಬಾವಿನ ವರದಿಯಲ್ಲಿರುವುದೂ ಅದೇ. ಇವೆಲ್ಲ ಒಂದೇ ಅಲ್ಲ ಎಂಬುದು ತಿಳಿದರೆ ಯಾವುದಕ್ಕೆ ಎಷ್ಟು ಹೆದರಬೇಕು ಎಂಬುದೂ ತಿಳಿಯುತ್ತದೆ. ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, ನಾವು ಹೆದರಿದ್ದು ಅಪರೂಪದ ಕಾಯಿಲೆಗೆ. ಹೆದರಬೇಕಾದ ಕಾಯಿಲೆ ಸುದ್ದಿಯಾಗಲೇ ಇಲ್ಲ.

ಮಣಿಸರದಂತೆ ಕಂಡ ಜೀವಿ

ವಿಯೆನ್ನಾದ ಶಸ್ತ್ರವೈದ್ಯ ಥಿಯೋಡೋರ್ ಬಿಲ್ರೋತ್ 1874ರಲ್ಲಿ ನಂಜೇರಿದ ಗಾಯಗಳ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದುಂಡನೆಯ ಕಣಗಳು ಪೋಣಿಸಿದ ಮಣಿಗಳಂತೆ ಸಾಲಾಗಿ ಕಂಡವು. ಗ್ರೀಕ್ ಭಾಷೆಯಲ್ಲಿ ‘ಸ್ಟ್ರೆಪ್ಟೋಸ್’ ಎಂದರೆ ಹೆಣೆದ ಸರ, ‘ಕೊಕ್ಕೋಸ್’ ಎಂದರೆ ಕಾಳು. ಹೆಸರು ಹುಟ್ಟಿದ್ದು ಆಕಾರದಿಂದ. ಗಾಯದಲ್ಲೇ ಸಿಗುವ ಸ್ಟ್ಯಾಫಿಲೋಕಾಕಸ್ ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡುತ್ತದೆ. ಎರಡನ್ನೂ ಬೇರೆ ಮಾಡಲು ಪ್ರಯೋಗಾಲಯದಲ್ಲಿ ಇಂದಿಗೂ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಸಾಕು: ಸ್ಟ್ಯಾಫಿಲೋಕಾಕಸ್ ಆದರೆ ಬುಸ್ಸನೆ ನೊರೆ ಏಳುತ್ತದೆ, ಸ್ಟ್ರೆಪ್ಟೋಕಾಕಸ್ ಸುಮ್ಮನಿರುತ್ತದೆ.

ಆದರೆ ಆಕಾರ ನೋಡಿ ಹೆಸರಿಟ್ಟದ್ದರಿಂದ ಒಂದು ತೊಡಕು ಉಳಿಯಿತು. ಸರದಂತೆ ಕಾಣುವ ಜೀವಿಗಳೆಲ್ಲ ಸೂಕ್ಷ್ಮದರ್ಶಕದಡಿ ಒಂದೇ ಥರ. ಬಾಯಲ್ಲಿ ನಿರುಪದ್ರವಿಯಾಗಿ ಬದುಕುವ ಒಂದನ್ನೂ ಬಾಣಂತಿಯ ನಂಜಿಗೆ ಕಾರಣವಾಗುವ ಇನ್ನೊಂದನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು.

ರಕ್ತದ ತಟ್ಟೆ ಕೊಟ್ಟ ಉತ್ತರ

ಉತ್ತರ ಸಿಕ್ಕಿದ್ದು ರಕ್ತದಲ್ಲಿ. ಅಗರ್ ಎಂಬ ಕಡಲಕಳೆಯ ಅಂಟಿಗೆ ಕುರಿಯ ರಕ್ತ ಬೆರೆಸಿದ ತಟ್ಟೆಯ ಮೇಲೆ ಈ ಬ್ಯಾಕ್ಟೀರಿಯಾಗಳನ್ನು ಬೆಳೆಸಿದರೆ ಮೂರು ಬಗೆಯ ನಡವಳಿಕೆ ಕಾಣುತ್ತದೆ. ಕೆಲವು ಸುತ್ತಲಿನ ಕೆಂಪು ರಕ್ತಕಣಗಳನ್ನು ಪೂರ್ತಿ ಒಡೆದು ತಟ್ಟೆಯನ್ನು ಗಾಜಿನಂತೆ ತಿಳಿಯಾಗಿಸುತ್ತವೆ, ಇದು ಬೀಟಾ. ಕೆಲವು ಅರೆಬರೆ ಕೆಡಿಸಿ ಹಸಿರು ಛಾಯೆ ಬಿಡುತ್ತವೆ, ಇದು ಆಲ್ಫಾ. ಉಳಿದವು ಏನೂ ಮಾಡುವುದಿಲ್ಲ. ಅವಕ್ಕೆ ಗ್ಯಾಮಾ ಎಂದು ಹೆಸರು. 1919ರಲ್ಲಿ ಜೇಮ್ಸ್ ಬ್ರೌನ್ ಇಟ್ಟ ಈ ಹೆಸರುಗಳು ಇಂದಿಗೂ ಲ್ಯಾಬ್ ವರದಿಗಳಲ್ಲಿವೆ.

ಬೀಟಾ ಗುಂಪಿನೊಳಗೂ ಒಳ್ಳೆಯವು, ಕೆಟ್ಟವು ಬೆರೆತಿದ್ದವು. ಅದನ್ನು ಬಿಡಿಸಿದವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ರೆಬೆಕಾ ಲ್ಯಾನ್ಸ್‌ಫೀಲ್ಡ್. ಮೊದಲ ಮಹಾಯುದ್ಧದ ಹೊತ್ತಿಗೆ ಟೆಕ್ಸಾಸ್‌ನ ಸೇನಾ ಶಿಬಿರಗಳಲ್ಲಿ ಹರಡಿದ ಸೋಂಕಿನ ಮಾದರಿಗಳನ್ನು ಪರೀಕ್ಷಿಸುವ ಕೆಲಸದಿಂದ ಅವರ ಅಧ್ಯಯನ ಆರಂಭವಾಯಿತು. ಬ್ಯಾಕ್ಟೀರಿಯಾದ ಗೋಡೆಯಲ್ಲಿರುವ ಸಕ್ಕರೆಯಂಥ ರಾಸಾಯನಿಕವನ್ನು ಆಧಾರವಾಗಿಟ್ಟುಕೊಂಡು 1933ರಲ್ಲಿ ಅವರು ಗುಂಪುಗಳಿಗೆ ಎ, ಬಿ, ಸಿ, ಡಿ ಎಂದು ಅಕ್ಷರಗಳನ್ನು ಕೊಟ್ಟರು. ಮನುಷ್ಯರ ಕಾಯಿಲೆಗಳಿಂದ ತೆಗೆದ ಮಾದರಿಗಳಲ್ಲಿ ಬಹುಪಾಲು ಎ ಗುಂಪಿಗೇ ಬಂದವು. ಎ ಗುಂಪಿನ ಮೈಮೇಲೆ ಕೂದಲಿನಂತೆ ನಿಂತಿರುವ ಎಂ ಪ್ರೋಟೀನನ್ನು ಗುರುತಿಸಿದವರೂ ಅವರೇ. ಅದರ ವಂಶವಾಹಿಯ ಆಧಾರದ ಮೇಲೆ ಈಗ 200ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಲಸಿಕೆಯ ಪ್ರಶ್ನೆಗೆ ಬಂದಾಗ ಈ ಸಂಖ್ಯೆ ನಮ್ಮನ್ನು ಕಾಡುತ್ತದೆ.

ಈ ವರ್ಗೀಕರಣ ಪರಿಪೂರ್ಣವಲ್ಲ. ನ್ಯುಮೋನಿಯಾ ತರುವ ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೇಗೆ ಇದರಲ್ಲಿ ಜಾಗವೇ ಇಲ್ಲ. ಡಿ ಗುಂಪಿನ ಹಲವು ಸದಸ್ಯರನ್ನು 1984ರಲ್ಲಿ ಎಂಟರೋಕಾಕಸ್ ಎಂಬ ಬೇರೆ ಮನೆತನಕ್ಕೆ ಕಳುಹಿಸಲಾಯಿತು. ಆದರೂ ಆಸ್ಪತ್ರೆಯ ನಿತ್ಯದ ಕೆಲಸಕ್ಕೆ ಬೇಕಾದ ಮೊದಲ ಸುಳಿವು ಇಂದಿಗೂ ಇದೇ.

ಯಾವುದು ಎಲ್ಲಿ ಕಾಡುತ್ತದೆ

ಆಲ್ಫಾ ಬಗೆಯಲ್ಲಿ ಮುಖ್ಯವಾದದ್ದು ಈಗ ಹೇಳಿದ ನ್ಯುಮೋನಿಯಾದ ಜೀವಿ. ಶ್ವಾಸಕೋಶ, ಕಿವಿ, ಮಿದುಳಿನ ಪೊರೆ ಅದರ ಗುರಿಗಳು. ಇದರ ವಿರುದ್ಧದ ಲಸಿಕೆಯನ್ನು ಭಾರತ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಒಂದೂವರೆ ತಿಂಗಳು, ಮೂರೂವರೆ ತಿಂಗಳು ಮತ್ತು ಒಂಬತ್ತು ತಿಂಗಳಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಬಾಯಿಯಲ್ಲಿ ಬದುಕುವ ವಿರಿಡಾನ್ಸ್ ಬಳಗವೂ ಆಲ್ಫಾ. ಅದರಲ್ಲಿ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಸಕ್ಕರೆಯನ್ನು ಆಮ್ಲವಾಗಿಸಿ ಹಲ್ಲು ಹುಳುಕಾಗಿಸುತ್ತದೆ. ಈ ಬಳಗ ರಕ್ತಕ್ಕೆ ಸೇರಿ, ಮೊದಲೇ ಹಾಳಾದ ಹೃದಯದ ಕವಾಟದ ಮೇಲೆ ಕುಳಿತರೆ ಮಾತ್ರ ಅಪಾಯ.

ಬಿ ಗುಂಪಿನ ಹೆಸರು ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೇ. ‘ಅಗಲಾಕ್ಟಿಯಾ’ ಎಂದರೆ ಹಾಲಿಲ್ಲದಿರುವಿಕೆ. ಕೆಚ್ಚಲು ಬಾವು ಬಂದ ಹಸುವಿನಲ್ಲಿ ಹಾಲು ಇಂಗಿಹೋಗುವುದರಿಂದ ಬಂದ ಹೆಸರು ಅದು. ಮನುಷ್ಯರಲ್ಲಿ ಇದು ಕೆಲವು ಮಹಿಳೆಯರ ಕರುಳಿನಲ್ಲಿ, ಜನನಾಂಗದಲ್ಲಿ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಹೆರಿಗೆಯ ಹೊತ್ತಿಗೆ ಮಗುವಿಗೆ ದಾಟಿದರೆ ನಂಜು, ಮಿದುಳು ಜ್ವರ ಬರಬಹುದು. ಅಮೆರಿಕದಲ್ಲಿ ಪ್ರತಿ ಗರ್ಭಿಣಿಗೂ 36–37ನೇ ವಾರದಲ್ಲಿ ಪರೀಕ್ಷೆ ಮಾಡಿ, ಜೀವಿ ಸಿಕ್ಕಿದರೆ ಹೆರಿಗೆ ನೋವಿನ ಸಮಯದಲ್ಲಿ ಪೆನಿಸಿಲಿನ್ ಕೊಡುತ್ತಾರೆ. ಬ್ರಿಟನ್ ಎಲ್ಲರಿಗೂ ಪರೀಕ್ಷೆ ಮಾಡದೆ ಅಪಾಯದ ಲಕ್ಷಣ ಇರುವವರಿಗೆ ಮಾತ್ರ ಔಷಧ ಕೊಡುವ ದಾರಿ ಹಿಡಿದಿದೆ. ನಮ್ಮ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ನಂಜಿಗೆ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ತರಹದ ಬೇರೆ ಜೀವಿಗಳೇ ಹೆಚ್ಚಿನ ಕಾರಣವಾಗಿರುವುದರಿಂದ ಇಲ್ಲಿ ಈ ಪರೀಕ್ಷೆ ವಾಡಿಕೆಯಾಗಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಮಾಡಿದ ಪರೀಕ್ಷೆಯನ್ನು ಊರಿನ ಸೊಸೆಗೆ ಏಕೆ ಮಾಡಲಿಲ್ಲ ಎಂದು ಕೇಳುವ ಕುಟುಂಬಗಳಿಗೆ ಇದೇ ಉತ್ತರ.

ಇನ್ನು ಎ ಗುಂಪು, ಅಂದರೆ ಸ್ಟ್ರೆಪ್ಟೋಕಾಕಸ್ ಪಯೋಜೆನ್ಸ್, ಕೀವು ಹುಟ್ಟಿಸುವಂಥದ್ದು. ಗಂಟಲು ನೋವು, ಮೈಮೇಲೆ ಕೆಂಪು ದದ್ದೇಳುವ ಸ್ಕಾರ್ಲೆಟ್ ಜ್ವರ, ಜೇನುಬಣ್ಣದ ಹಕ್ಕಳೆ ಕಟ್ಟುವ ಚರ್ಮದ ಹುಣ್ಣು, ಬಾಣಂತಿ ನಂಜು, ಚರ್ಮದಡಿಯ ಸ್ನಾಯುಪೊರೆ ಕೊಳೆಯುವ ಸೋಂಕು, ಎಲ್ಲ ಇದರದ್ದೇ. ವಿಯೆನ್ನಾದಲ್ಲಿ 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ವೈದ್ಯರ ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಯಿಸಿ ಬಾಣಂತಿಯರ ಸಾವನ್ನು ಇಳಿಸಿದಾಗ, ಅವರಿಗೆ ಹೆಸರು ಗೊತ್ತಿರದಿದ್ದ ಶತ್ರು ಬಹುಮಟ್ಟಿಗೆ ಇದೇ ಆಗಿತ್ತು.

ಜಪಾನಿನ ಲೆಕ್ಕದೊಳಗೆ ಏನಿದೆ

ಜಪಾನ್ ಎಣಿಸುವುದು ಎ ಗುಂಪನ್ನು ಮಾತ್ರವಲ್ಲ. ಬೀಟಾ ಬಗೆಯ ಯಾವುದೇ ಸ್ಟ್ರೆಪ್ಟೋಕಾಕಸ್ ರಕ್ತಕ್ಕೆ ಅಥವಾ ಸಾಮಾನ್ಯವಾಗಿ ಯಾವ ಜೀವಿಯೂ ಇರದ ದೇಹದ ಭಾಗಕ್ಕೆ ನುಗ್ಗಿ, ಆಘಾತ ಮತ್ತು ಅಂಗವೈಫಲ್ಯ ತಂದರೆ ಅದು ಲೆಕ್ಕಕ್ಕೆ ಸೇರುತ್ತದೆ. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಜಿ ಗುಂಪಿನ ಸೋಂಕೂ ಅದರಲ್ಲಿದೆ. ಹಾಗಾಗಿ ‘ಗಂಟಲು ನೋವಿನ ಬ್ಯಾಕ್ಟೀರಿಯಾದಿಂದ 977 ಮಂದಿಗೆ’ ಎಂಬ ಶೀರ್ಷಿಕೆ ಪೂರ್ತಿ ಸರಿಯಲ್ಲ. 12 ಕೋಟಿ ದಾಟಿದ ಜನಸಂಖ್ಯೆಯಲ್ಲಿ ಐದು ತಿಂಗಳಿಗೆ ಇಷ್ಟು ಎಂದರೆ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ ಈ ಹಂತ ತಲುಪಿದವರಲ್ಲಿ ಸುಮಾರು ಶೇ 30ರಷ್ಟು ಜನ ಉಳಿಯುವುದಿಲ್ಲ. ಕಾಯಿಲೆ ಅಪರೂಪ ಎಂಬುದೂ ನಿಜ, ಬಂದರೆ ಭೀಕರ ಎಂಬುದೂ ನಿಜ.

ಏರಿಕೆ ಏಕಾಯಿತು ಎಂಬುದರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಒಂದು ವಾದ ಕೋವಿಡ್ ಕಾಲದ ಅಂತರವನ್ನು ಬೊಟ್ಟು ಮಾಡುತ್ತದೆ. ಮಾಸ್ಕ್ ಮತ್ತು ಮುಚ್ಚಿದ ಶಾಲೆಗಳಿಂದ ಎರಡು ಮೂರು ವರ್ಷ ಮಕ್ಕಳಿಗೆ ಈ ಜೀವಿಯ ಪರಿಚಯವಾಗಲಿಲ್ಲ, ನಿರ್ಬಂಧ ಸಡಿಲಿದಾಗ ಒಮ್ಮೆಗೇ ಎಲ್ಲರಿಗೂ ತಗುಲಿತು, ಸೋಂಕು ಹೆಚ್ಚಿದಷ್ಟೂ ತೀವ್ರ ಪ್ರಕರಣಗಳೂ ಹೆಚ್ಚಿದವು ಎಂಬುದು ಅದರ ತರ್ಕ. 2022ರ ಡಿಸೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ವೀಡನ್‌ಗಳಲ್ಲಿ ಮಕ್ಕಳಲ್ಲಿ ಇಂಥದ್ದೇ ಏರಿಕೆ ಕಂಡು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತ್ತು. ಇನ್ನೊಂದು ವಾದ ಜೀವಿಯೇ ಬದಲಾಗಿದೆ ಎನ್ನುತ್ತದೆ. ಎಂ1 ಬಗೆಯೊಳಗೆ ಬ್ರಿಟನ್ನಿನಲ್ಲಿ ಹುಟ್ಟಿಕೊಂಡ ಹೊಸ ಕವಲೊಂದನ್ನು 2019ರಲ್ಲಿ ವಿಜ್ಞಾನಿಗಳು ವಿವರಿಸಿದರು. ಹಳೆಯದಕ್ಕೂ ಅದಕ್ಕೂ ಇರುವ ವ್ಯತ್ಯಾಸ ವಂಶವಾಹಿಯ 27 ಅಕ್ಷರಗಳಷ್ಟೇ, ಆದರೂ ಅದು ಒಂದು ವಿಷವನ್ನು ಹಲವು ಪಟ್ಟು ಹೆಚ್ಚಾಗಿ ಸುರಿಸುತ್ತದೆ. ಈ ಕವಲು ಜಪಾನಿನಲ್ಲೂ ಸಿಕ್ಕಿದೆ.

ಎರಡೂ ಒಟ್ಟಿಗೆ ಸತ್ಯವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ನನಗೆ ಅನಿಸುತ್ತದೆ. ಹೊಸ ಕವಲು ಕೋವಿಡ್‌ಗೆ ಮೊದಲೇ ಇತ್ತು, ಆದ್ದರಿಂದ ಕೋವಿಡ್ ಒಂದೇ ಎಲ್ಲವನ್ನೂ ವಿವರಿಸದು. ಹೊಸ ಕವಲು ಸಿಗದ ಗುಂಪುಗಳಲ್ಲೂ ಏರಿಕೆ ಕಂಡಿದೆ, ಆದ್ದರಿಂದ ಕವಲೂ ಒಂದೇ ಸಾಲದು. ವೃದ್ಧರ ಸಂಖ್ಯೆ, ಸಕ್ಕರೆ ಕಾಯಿಲೆ, ಫ್ಲೂ ಮತ್ತು ಸೀತಾಳೆ ಸಿಡುಬಿನ ಹಿಂದೆಯೇ ಬರುವ ಸೋಂಕು, ಇವೂ ಸೇರಿಕೊಂಡಿವೆ.

ಬ್ಯಾಕ್ಟೀರಿಯಾ ಮಾಂಸ ತಿನ್ನುತ್ತದೆಯೇ

ತಿನ್ನುವುದಿಲ್ಲ. ಅದು ಸ್ರವಿಸುವ ಕಿಣ್ವಗಳು ಮತ್ತು ವಿಷಗಳು ಸ್ನಾಯುವನ್ನು ಸುತ್ತಿದ ಪೊರೆಯನ್ನು ಸಡಿಲಿಸುತ್ತವೆ, ಅಲ್ಲಿಯ ಸಣ್ಣ ರಕ್ತನಾಳಗಳು ಹೆಪ್ಪುಗಟ್ಟುತ್ತವೆ, ರಕ್ತ ಸಿಗದ ಭಾಗ ಸಾಯುತ್ತದೆ. ಹೊರಗಿನ ಚರ್ಮ ಮೊದಲಿಗೆ ಹೆಚ್ಚೇನೂ ಬದಲಾಗದೆ ಇರುವುದೇ ಇದರ ಮೋಸ. ಕಾಣುವ ಕೆಂಪಿಗೂ ರೋಗಿ ಹೇಳುವ ನೋವಿಗೂ ತಾಳೆಯೇ ಆಗದಿದ್ದರೆ ವೈದ್ಯರು ಎಚ್ಚರಗೊಳ್ಳಬೇಕು.

ಎರಡು ದಿನಗಳೊಳಗೆ ಸಾವು ಬರುವುದಕ್ಕೆ ಮುಖ್ಯ ಕಾರಣ ಇನ್ನೊಂದಿದೆ. ಸಾಮಾನ್ಯ ಸೋಂಕಿನಲ್ಲಿ ಅದನ್ನು ಗುರುತಿಸಬಲ್ಲ ಕೆಲವೇ ಪ್ರತಿರಕ್ಷಣಾ ಕೋಶಗಳು ಎಚ್ಚರಗೊಳ್ಳುತ್ತವೆ. ಈ ವಿಷಗಳಾದರೋ ಗುರುತಿನ ಹಂತವನ್ನೇ ದಾಟಿ, ಟಿ ಕೋಶಗಳೆಂಬ ಪ್ರತಿರಕ್ಷಣಾ ಕೋಶಗಳಲ್ಲಿ ಐದನೇ ಒಂದು ಭಾಗದಷ್ಟನ್ನು ಒಮ್ಮೆಲೇ ಕೆರಳಿಸಬಲ್ಲವು. ಕಳ್ಳ ನುಗ್ಗಿದ ಮನೆಗೆ ನಾಲ್ಕು ಜನ ಹೋಗುವ ಬದಲು ಇಡೀ ಊರೇ ಕೈಗೆ ಸಿಕ್ಕಿದ್ದನ್ನು ಹಿಡಿದು ಕತ್ತಲಲ್ಲಿ ಓಡಿಬಂದ ಹಾಗೆ. ಏಟು ಬೀಳುವುದು ಮನೆಯವರಿಗೆ. ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ ಮತ್ತು ಯಕೃತ್ತು ಸೋಲುತ್ತವೆ.

ಚಿಕಿತ್ಸೆ ಈ ಕಾರಣಗಳನ್ನೇ ಹಿಂಬಾಲಿಸುತ್ತದೆ. ಸತ್ತ ಭಾಗಕ್ಕೆ ರಕ್ತವಿಲ್ಲ, ರಕ್ತವಿಲ್ಲದೆ ಔಷಧ ತಲುಪದು, ಆದ್ದರಿಂದ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ತೆಗೆಯಬೇಕು. ಪೆನಿಸಿಲಿನ್ ಜೊತೆಗೆ ಕ್ಲಿಂಡಾಮೈಸಿನ್ ಸೇರಿಸುವುದಕ್ಕೂ ಕಾರಣವಿದೆ: ಪೆನಿಸಿಲಿನ್ ವಿಭಜನೆಯಾಗುತ್ತಿರುವ ಬ್ಯಾಕ್ಟೀರಿಯಾವನ್ನು ಮಾತ್ರ ಚೆನ್ನಾಗಿ ಕೊಲ್ಲುತ್ತದೆ, ದಟ್ಟವಾಗಿ ತುಂಬಿಕೊಂಡಾಗ ಅವು ವಿಭಜನೆ ನಿಲ್ಲಿಸುತ್ತವೆ, ಕ್ಲಿಂಡಾಮೈಸಿನ್ ವಿಷದ ತಯಾರಿಯನ್ನೇ ತಡೆಯುತ್ತದೆ.

ಸುದ್ದಿಯಾಗದ ಸಾವುಗಳು

ಈಗ ನಮ್ಮ ಮನೆಯ ಲೆಕ್ಕ. ಅದೇ ಎ ಗುಂಪು, ಅದೇ ಗಂಟಲು ನೋವು. ಐದರಿಂದ ಹದಿನೈದು ವರ್ಷದೊಳಗಿನ ಮಗುವಿಗೆ ನೋವು ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ. ಕೆಲವರಿಗೆ ಎರಡು ಮೂರು ವಾರಗಳ ನಂತರ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಅಲೆಯುವ ಊತ. ಇದು ರುಮ್ಯಾಟಿಕ್ ಜ್ವರ. ಬ್ಯಾಕ್ಟೀರಿಯಾದ ಎಂ ಪ್ರೋಟೀನಿಗೂ ಹೃದಯದ ಕೆಲವು ಪ್ರೋಟೀನುಗಳಿಗೂ ಹೋಲಿಕೆ ಇರುವುದರಿಂದ, ಒಂದರ ವಿರುದ್ಧ ಸಿದ್ಧವಾದ ಪ್ರತಿಕಾಯ ಇನ್ನೊಂದರ ಮೇಲೂ ಎರಗುತ್ತದೆ. ಈ ಕಾಯಿಲೆ ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಎಂಬುದು ವೈದ್ಯರಲ್ಲಿ ಹಳೆಯ ಮಾತು. ಕೀಲುಗಳು ಸರಿಹೋಗುತ್ತವೆ, ಕವಾಟದ ಗಾಯ ಉಳಿಯುತ್ತದೆ. ಮತ್ತೆ ಮತ್ತೆ ಗಂಟಲು ಸೋಂಕಾದಂತೆಲ್ಲ ಗಾಯ ದಪ್ಪವಾಗಿ ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗುತ್ತದೆ.

ಎಷ್ಟೋ ಯುವತಿಯರಿಗೆ ಇದು ಗೊತ್ತಾಗುವುದು ಗರ್ಭಿಣಿಯಾದಾಗ. ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚಿ, ಕಿರಿದಾದ ಕವಾಟದ ಹಿಂದೆ ಅದು ತಡೆದು ನಿಂತು, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಿದಾಗ ಆಸ್ಪತ್ರೆಗೆ ಬರುತ್ತಾರೆ. ಬಾಲ್ಯದ ಗಂಟಲು ನೋವು ಅಷ್ಟರಲ್ಲಿ ಯಾರ ನೆನಪಿನಲ್ಲೂ ಇರುವುದಿಲ್ಲ. ತೊಡೆಯ ರಕ್ತನಾಳದಿಂದ ಬಲೂನು ಕಳುಹಿಸಿ ಕವಾಟ ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ನಿತ್ಯದ ಕೆಲಸವಾಗಿರುವುದಕ್ಕೆ ಇದೇ ಕಾರಣ.

2015ರ ಜಾಗತಿಕ ಅಂದಾಜಿನ ಪ್ರಕಾರ ಈ ಹೃದ್ರೋಗ ಇದ್ದವರು 3.34 ಕೋಟಿ, ಆ ಒಂದು ವರ್ಷದ ಸಾವು 3.19 ಲಕ್ಷ. ಅದರಲ್ಲಿ ಭಾರತದ ಪಾಲು 1.3 ಕೋಟಿ ರೋಗಿಗಳು, ಸುಮಾರು 1.19 ಲಕ್ಷ ಸಾವುಗಳು. ಜಪಾನಿನ ಸಾವಿರ ಪ್ರಕರಣಗಳ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡಬೇಕು. ಅಲ್ಲಿ ಸಾವು ಎರಡು ದಿನದಲ್ಲಿ ಬಂತು, ಕ್ಯಾಮೆರಾ ಹಿಡಿಯಿತು. ಇಲ್ಲಿ ಇಪ್ಪತ್ತು ವರ್ಷ ತೆಗೆದುಕೊಂಡಿತು.

ಇದೇ ಜೀವಿ ಮೂತ್ರಪಿಂಡವನ್ನೂ ಕೆಡಿಸಬಹುದು. ಗಂಟಲು ಅಥವಾ ಚರ್ಮದ ಸೋಂಕಿನ ಕೆಲವು ವಾರಗಳ ನಂತರ ಮಗುವಿನ ಮುಖ ಊದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಕ್ಷಣ ತೋರಿಸಬೇಕು. ಸಮಾಧಾನದ ಸಂಗತಿಯೆಂದರೆ ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ.

ಗಂಟಲು ನೋವಿಗೆಲ್ಲ ಆಂಟಿಬಯಾಟಿಕ್ ಬೇಕೇ

ಇಲ್ಲಿ ಎರಡು ಪ್ರಾಮಾಣಿಕ ವಾದಗಳು ಎದುರುಬದುರಾಗಿವೆ. ಮಕ್ಕಳ ಗಂಟಲು ನೋವಿನಲ್ಲಿ ಎ ಗುಂಪಿನ ಪಾಲು ಶೇ 20ರಿಂದ 30. ಉಳಿದದ್ದು ಬಹುತೇಕ ವೈರಸ್. ಎಲ್ಲರಿಗೂ ಔಷಧ ಕೊಟ್ಟರೆ ಹತ್ತರಲ್ಲಿ ಏಳು ಮಕ್ಕಳಿಗೆ ಉಪಯೋಗವಿಲ್ಲ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ ಎನ್ನುತ್ತದೆ ಒಂದು ಪಕ್ಷ. ಇನ್ನೊಂದು ಪಕ್ಷ 1950ರ ಸುಮಾರಿಗೆ ಅಮೆರಿಕದ ವ್ಯೋಮಿಂಗ್‌ನ ಫೋರ್ಟ್ ವಾರೆನ್ ಸೇನಾ ನೆಲೆಯಲ್ಲಿ ನಡೆದ ಪ್ರಯೋಗವನ್ನು ಮುಂದಿಡುತ್ತದೆ. ಗಂಟಲು ಸೋಂಕಾದ ಸೈನಿಕರಿಗೆ ಪೆನಿಸಿಲಿನ್ ಕೊಟ್ಟರೆ ರುಮ್ಯಾಟಿಕ್ ಜ್ವರ ತಡೆಯಬಹುದು ಎಂದು ಅಲ್ಲಿ ಸಾಬೀತಾಯಿತು. ರುಮ್ಯಾಟಿಕ್ ಜ್ವರ ಮರೆತೇ ಹೋಗಿರುವ ದೇಶದ ನಿಯಮ ನಮಗೆ ಹೊಂದದು ಎಂಬುದು ಇವರ ಮಾತು.

ಈ ಜಗಳದಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ನೋವು ಶುರುವಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಅಂದರೆ ರಾತ್ರೋರಾತ್ರಿ ಮೆಡಿಕಲ್ ಅಂಗಡಿಗೆ ಓಡಿ ಮಾತ್ರೆ ತರುವ ಅಗತ್ಯವಿಲ್ಲ, ನೋಡಿ ನಿರ್ಧರಿಸಲು ಸಮಯವಿದೆ. ಮೂಗು ಸೋರುತ್ತ ಕೆಮ್ಮುತ್ತಿರುವ ಮಗುವಿನಲ್ಲಿ ವೈರಸ್ ಸಾಧ್ಯತೆ ಹೆಚ್ಚು. ಕೆಮ್ಮಿಲ್ಲದೆ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ಮುಟ್ಟಿದರೆ ನೋಯುವ ಕುತ್ತಿಗೆಯ ಗಂಟು ಇದ್ದರೆ ಎ ಗುಂಪಿನ ಅನುಮಾನ ಬಲವಾಗುತ್ತದೆ; ಆಗ ಗಂಟಲಿನ ಮಾದರಿ ಪರೀಕ್ಷಿಸಬೇಕು.

ಕೊಡುವ ಔಷಧದ ಆಯ್ಕೆಯೂ ಎಡವುತ್ತಿದೆ. ಮೂರು ದಿನ ಅಜಿತ್ರೊಮೈಸಿನ್ ನುಂಗಿಸುವ ರೂಢಿ ಊರೂರಿನಲ್ಲಿದೆ. ಅದಕ್ಕೆ ಬಗ್ಗದ ಎ ಗುಂಪಿನ ತಳಿಗಳು ಹಲವೆಡೆ ಹೆಚ್ಚುತ್ತಿವೆ. ಎಂಟು ದಶಕಗಳ ಬಳಕೆಯ ನಂತರವೂ ಪೆನಿಸಿಲಿನ್ ಮಾತ್ರ ಈ ಜೀವಿಯ ಮೇಲೆ ಕೆಲಸ ಮಾಡುತ್ತಿದೆ. ಹತ್ತು ದಿನ ಪೂರ್ತಿ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಇಲ್ಲವೇ ಒಂದೇ ಒಂದು ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಸಾಕು. ಹಳೆಯ, ಅಗ್ಗದ ಔಷಧ ಇಷ್ಟು ನಿಷ್ಠೆಯಿಂದ ಉಳಿದುಕೊಂಡಿರುವ ಉದಾಹರಣೆಗಳು ವೈದ್ಯಕೀಯದಲ್ಲಿ ಬಹಳವಿಲ್ಲ.

ಲಸಿಕೆ ಇನ್ನೂ ಏಕಿಲ್ಲ

ಎ ಗುಂಪಿಗೆ ಲಸಿಕೆ ಮಾಡುವ ಪ್ರಯತ್ನ ಹೊಸದಲ್ಲ. 1960ರ ದಶಕದಲ್ಲಿ ಎಂ ಪ್ರೋಟೀನಿನ ಲಸಿಕೆ ಪಡೆದ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬಂತು. ಹೃದಯವನ್ನು ಕಾಯಬೇಕಾದ ಲಸಿಕೆಯೇ ಹೃದಯದ ವಿರುದ್ಧ ಪ್ರತಿಕಾಯ ಹುಟ್ಟಿಸಿತೇ ಎಂಬ ಭಯ ಹುಟ್ಟಿತು. 1979ರಲ್ಲಿ ಅಮೆರಿಕ ಈ ಜೀವಿಯ ಅಂಶಗಳಿರುವ ಲಸಿಕೆಗಳನ್ನು ನಿಷೇಧಿಸಿತು, ಆ ನಿಯಮ 2005ರವರೆಗೂ ಉಳಿಯಿತು. ಕಾಲು ಶತಮಾನ ಹೀಗೆ ಕಳೆಯಿತು. ಮತ್ತೊಂದು ಅಡ್ಡಿ ಆ 200ಕ್ಕೂ ಹೆಚ್ಚು ಬಗೆಗಳು. ಶ್ರೀಮಂತ ದೇಶಗಳಲ್ಲಿ ಕೆಲವೇ ಬಗೆಗಳು ಮೇಲುಗೈ ಸಾಧಿಸಿವೆ. ಭಾರತದಂಥ ದೇಶಗಳಲ್ಲಿ ಒಟ್ಟಿಗೆ ಹತ್ತಾರು ಬಗೆಗಳು ಓಡಾಡುತ್ತವೆ. ಅಲ್ಲಿಗೆ ಹೊಲಿದ ಅಂಗಿ ಇಲ್ಲಿಗೆ ಆಗದು.

ಇಪ್ಪತ್ತೊಂದು ದಿನಕ್ಕೊಂದು ಚುಚ್ಚುಮದ್ದು

ಹಾಗಾಗಿ ಸದ್ಯ ಕೈಯಲ್ಲಿರುವುದು ಹಳೆಯ ಉಪಾಯವೇ: ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್, ವರ್ಷಾನುಗಟ್ಟಲೆ. ಕವಾಟಕ್ಕೆ ಪೆಟ್ಟಾಗಿದ್ದರೆ ಇನ್ನೂ ದೀರ್ಘಕಾಲ. ಚುಚ್ಚುಮದ್ದು ನೋಯುತ್ತದೆ, ಮಗು ಆರೋಗ್ಯವಾಗಿಯೇ ಕಾಣುತ್ತದೆ, ಶಾಲೆ ಕೂಲಿ ಎರಡೂ ತಪ್ಪುತ್ತವೆ, ಆದ್ದರಿಂದ ತಾಯಂದಿರು ನಡುವೆ ಬಿಟ್ಟುಬಿಡುತ್ತಾರೆ. ಲಾಭ ಕಡಿಮೆಯಿರುವ ಔಷಧವನ್ನು ತಯಾರಿಸುವವರೂ ಕಡಿಮೆ. ಕೊರತೆ ಆಗಾಗ ಮರುಕಳಿಸುತ್ತದೆ. ಅಲರ್ಜಿಯ ಭಯದಿಂದ ಕೊಡಲು ಹಿಂಜರಿಯುವ ವೈದ್ಯರಿದ್ದಾರೆ. ಚುಚ್ಚುಮದ್ದಿನ ನಂತರದ ಕೆಲವು ಸಾವುಗಳಿಗೆ ಅಲರ್ಜಿಯಲ್ಲ, ಮೊದಲೇ ತೀರಾ ಕೆಟ್ಟಿದ್ದ ಹೃದಯ ಕಾರಣವಿರಬಹುದೆಂದು ಅಮೆರಿಕದ ಹೃದಯ ಸಂಘ 2022ರಲ್ಲಿ ಹೇಳಿ, ಅಂಥ ತೀವ್ರ ರೋಗಿಗಳಿಗೆ ಮಾತ್ರೆಯ ರೂಪ ಸೂಚಿಸಿದೆ. ಉಳಿದವರಿಗೆ ಚುಚ್ಚುಮದ್ದೇ ಮೇಲು.

ಇದನ್ನು ಎಷ್ಟು ಬೇಗ ಆರಂಭಿಸಬಹುದು ಎಂಬ ಪ್ರಶ್ನೆಗೆ ಉಗಾಂಡದಿಂದ 2021ರಲ್ಲಿ ಉತ್ತರ ಬಂತು. ಯಾವ ತೊಂದರೆಯೂ ಇಲ್ಲದ, ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯಲ್ಲಿ ಮಾತ್ರ ಕವಾಟದ ಆರಂಭಿಕ ದೋಷ ಕಂಡ 818 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಎರಡು ವರ್ಷ ಪೆನಿಸಿಲಿನ್ ಕೊಡಲಾಯಿತು. ಔಷಧ ಪಡೆಯದವರಲ್ಲಿ ಶೇ 8.2 ಮಕ್ಕಳಿಗೆ ರೋಗ ಮುಂದುವರಿಯಿತು, ಪಡೆದವರಲ್ಲಿ ಶೇ 0.8 ಮಾತ್ರ.

ನಮ್ಮ ಶಾಲಾ ಮಕ್ಕಳ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಹೃದ್ರೋಗ 2013ರಿಂದಲೂ ಇದೆ. ಆದರೆ ಕಿವಿಗೊಟ್ಟು ಕೇಳುವ ಸ್ಟೆತಸ್ಕೋಪಿಗಿಂತ ಎಕೋ ಸುಮಾರು ಹತ್ತು ಪಟ್ಟು ಹೆಚ್ಚು ಪ್ರಕರಣಗಳನ್ನು ಹಿಡಿಯುತ್ತದೆ ಎಂದು ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನ ಶಾಲೆಗಳಲ್ಲಿ ನಡೆದ ಅಧ್ಯಯನ 2007ರಲ್ಲೇ ತೋರಿಸಿದೆ. ತರಬೇತಿ ಪಡೆದ ದಾದಿಯರು ಕೈಯಲ್ಲಿ ಹಿಡಿಯುವ ಯಂತ್ರದಿಂದ ಇದನ್ನು ಮಾಡಬಲ್ಲರು ಎಂಬುದೂ ಬೇರೆ ದೇಶಗಳಲ್ಲಿ ಸ್ಪಷ್ಟವಾಗಿದೆ. ಹಿಂಜರಿಕೆಗೂ ಕಾರಣವುಂಟು: ದೋಷ ಹುಡುಕಿ ಹೇಳಿ, ಮುಂದಿನ ಚುಚ್ಚುಮದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗದಿದ್ದರೆ ಆ ಮನೆಗೆ ಉಳಿಯುವುದು ಆತಂಕ ಮಾತ್ರ. ಆದ್ದರಿಂದ ಮೊದಲು ಆಗಬೇಕಾದ್ದು ಯಂತ್ರದ ಖರೀದಿಯಲ್ಲ. ತಾಲ್ಲೂಕಿನ ಪ್ರತಿ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಬೆಂಜಥೀನ್ ಪೆನಿಸಿಲಿನ್ ಸೀಸೆ, ಅಲರ್ಜಿಯಾದರೆ ಕೊಡಲು ಅದರ ಪಕ್ಕದಲ್ಲಿ ಅಡ್ರಿನಲಿನ್, ಮತ್ತು ಇಪ್ಪತ್ತೊಂದನೇ ದಿನಕ್ಕೆ ಬಾರದ ಮಗುವಿನ ಮನೆಗೆ ಹೋಗಿ ವಿಚಾರಿಸುವ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಆ ಮಗುವಿನ ಹೆಸರು.